ಟೋಪಿ ಹಾಕಿದ ಎಮ್

ಆರಕ್ಕೆ ಹೋಗಬೇಕಿದ್ದ ಮೆಸೇಜು
ಆರೂವರೆಯಾದರೂ ಹೋಗಿರಲಿಲ್ಲ.
ಮೊದಲ ಫೋನು ಪಳಂಗಪ್ಪನವರದು:
"ಏನಮ್ಮಾ, ಬಾಳೆಲೆ ಕಡೆ ಎಷ್ಟು ಸೆಂಟು?
ಪೈಪು ಎಳೆಸಲೋ, ಬಿಡಲೋ?"

ಹೂಮಳೆಯ ವಾರ.
ಗೋಣಿಕೊಪ್ಪದಲ್ಲಿ ಈಗ ಯಾರೂ ಕ್ಷೇಮ ಕೇಳುವುದಿಲ್ಲ,
ಸೆಂಟು ಕೇಳುತ್ತಾರೆ.
ಎಪ್ಪತ್ತು ಬಿದ್ದವನು ಎರಡನೇ ಕಾಫಿ ಹೇಳುತ್ತಾನೆ.
ಹದಿನೈದು ಬಿದ್ದವನು ಮಾತಿಲ್ಲದೆ
ಡೀಸೆಲ್ ಕ್ಯಾನು ಎತ್ತಿಕೊಳ್ಳುತ್ತಾನೆ,
ಅರ್ಧ ನೆನೆದ ಮೊಗ್ಗು ಅರಳುವುದಿಲ್ಲವಲ್ಲ.

ಸೊಸೈಟಿಯ ಹಿಂದಿನ ಕೋಣೆ. ಗೊಬ್ಬರದ ಮೂಟೆಗಳಾಚೆ
ನಮ್ಮ ಲಿನಕ್ಸ್ ಸರ್ವರು.
ಕೈಲ್‌ಪೊಳ್ದಿನ ದಿನ ಕೋವಿಗೆ ಸಿಕ್ಕಿಸಿದಂತೆ
ಇದಕ್ಕೂ ಯಾರೋ ಸಿಕ್ಕಿಸಿದ ತೋಕ್‌ಪೂ
ಒಣಗಿ ಇನ್ನೂ ಅಲ್ಲೇ ಇದೆ.

ನಿನ್ನೆ ರಾತ್ರಿ ನೆಲ್ಯಹುದಿಕೇರಿಯ ಮನೆಯಲ್ಲಿ ಕೂತು
ನೌಫಲ್ ತನ್ನ ವಿಂಡೋಸಿನಲ್ಲಿ ಸ್ಕ್ರಿಪ್ಟು ತಿದ್ದಿದ್ದ.
ಎರಡೇ ಸಾಲು. ಶ್ರೀಮಂಗಲದ ಹೊಸ ಮಳೆಮಾಪಕಕ್ಕೆ.
"ನನ್ನಲ್ಲಿ ಓಡಿತ್ತಲ್ಲ ಅಕ್ಕಾ!"

ಇಲ್ಲಿ ಓಡಲಿಲ್ಲ.
'ಅಂಥ ಕಡತವೇ ಇಲ್ಲ' ಅಂದಿತು ಸರ್ವರು.
ಪಟ್ಟಿ ಕೇಳಿದರೆ ಹೆಸರು ಹೇಳುತ್ತದೆ,
ಓಡಿಸು ಅಂದರೆ ಇಲ್ಲ ಅನ್ನುತ್ತದೆ,
ಸಾಲಗಾರ ತಾನೇ ಬಾಗಿಲಿಗೆ ಬಂದು
ಯಜಮಾನರು ಮನೆಯಲ್ಲಿಲ್ಲ ಅಂದ ಹಾಗೆ.
ಅನುಮತಿ ಕೊಟ್ಟೆ. ಹೆಸರು ಬದಲಿಸಿದೆ.
ಬೈದೆ ಕೂಡ.
ಹನ್ನೊಂದನೇ ಫೋನು ಬಡಿದುಕೊಳ್ಳುತ್ತಿತ್ತು.

ಕಡೆಗೆ, ಕಾಣದ್ದನ್ನೂ ತೋರಿಸು ಅಂದೆ.
ತೋರಿಸಿತು:
ಪ್ರತಿ ಸಾಲಿನ ತುದಿಗೂ ಟೋಪಿ ಹಾಕಿದ ಒಂದು ಎಮ್.
ಇನ್ನೂರ ಹನ್ನೆರಡು ಸಾಲು,
ಇನ್ನೂರ ಹನ್ನೆರಡು ಟೋಪಿ, ನನಗೆ ಹಾಕಿದ್ದೂ ಸೇರಿದರೆ ಒಂದು ಹೆಚ್ಚು.
ಮೊದಲ ಸಾಲಲ್ಲೇ ಬ್ಯಾಷ್ ಎಂಬ ಹೆಸರಿಗೆ ಅಂಟಿಕೊಂಡಿತ್ತು.
ಪಾಪ, ಸರ್ವರು ಹುಡುಕಿದ್ದು
ಬಾಲವಿರುವ ಬ್ಯಾಷನ್ನು.
ಅಂಥವನು ನಿಜಕ್ಕೂ ಈ ಊರಲ್ಲಿ ಇಲ್ಲ.

ಆ ಎಮ್ ನನಗೆ ಗೊತ್ತು.
ತಲೆಗಿಂತ ಮೊದಲು ಎಡಗೈಗೆ ಗೊತ್ತು.

ವಿರಾಜಪೇಟೆ, ಗಡಿಯಾರ ಕಂಬದ ಹತ್ತಿರ, ಮಹಡಿಯ ಮೇಲೆ
ಸಿಸಿಲಿಯಾ ಟೀಚರ ಟೈಪಿಂಗ್ ಕ್ಲಾಸು.
ಒಂಬತ್ತು ಯಂತ್ರ, ಎರಡಕ್ಕೆ ಸೊನ್ನೆ ಇಲ್ಲ,
ಅಲ್ಲಿ ಓ ಒತ್ತಬೇಕು.
ಸಾಲು ಮುಗಿಯುವ ಹೊತ್ತಿಗೆ ಟಿಂಗ್.
"ಗಾಡಿ ಎಳಿ ಹುಡುಗಿ. ಹಾಳೆ ಏರಿಸು.
ಸನ್ನೆ ಒಂದೇ, ಕೆಲಸ ಎರಡು. ಮರೀಬೇಡ."
ಗಾಡಿ ಎಳೆಯದೆ ಬರೀ ಹಾಳೆ ಏರಿಸಿದರೆ
ಅಕ್ಷರ ಮೆಟ್ಟಿಲಿಳಿದು ಅಂಚಿನಾಚೆ ಬೀಳುತ್ತಿತ್ತು.
ಹಾಳೆ ಏರಿಸದೆ ಗಾಡಿ ಎಳೆದರೆ
ಬರೆದದ್ದರ ಮೇಲೇ ಬರಹ,
ನಾನೇ ಓದಲಾರದ ಅರ್ಜಿ, ಮಾನ್ಯರೇ ಮಾನ್ಯರೇ ಮಾನ್ಯರೇ.

ವಿಂಡೋಸು ಟೀಚರ ಶಿಷ್ಯ.
ಗಾಡಿ ಹೋಗಿ ಎಷ್ಟೋ ಕಾಲವಾದರೂ
ಸಾಲು ಮುಗಿದೊಡನೆ ಎಳೆಯುತ್ತದೆ.
ಲಿನಕ್ಸಿಗೆ ಹಾಳೆ ಏರಿಸಿದರೆ ಸಾಕು,
ಎಡಕ್ಕೆ ಬರಬೇಕೆಂದು ಹೇಳಿಸಿಕೊಳ್ಳುವುದಿಲ್ಲ.
ಹೇಳಿದರೆ ಅದನ್ನೂ ಹೆಸರಿನ ಭಾಗ ಅಂದುಕೊಳ್ಳುತ್ತದೆ.

ಒಂದೇ ಆಜ್ಞೆ. ಟೋಪಿಗಳೆಲ್ಲ ಇಳಿದವು.
ಏಳು ಹತ್ತಕ್ಕೆ ಮೆಸೇಜು ಹೊರಟಿತು:
ಬಾಳೆಲೆ ಅರವತ್ತೆಂಟು,
ಪೊನ್ನಂಪೇಟೆ ನಲವತ್ತು,
ಶ್ರೀಮಂಗಲ ಮೂವತ್ತೊಂದು, ಮೊದಲ ಸಲ.

ಪಳಂಗಪ್ಪನವರ ಉತ್ತರ:
"ಎಳೆಸಿ ಆಯ್ತು. ನಾಲ್ಕಾಳು, ಎರಡು ಕ್ಯಾನು.
ಈಗ ವಾಪಸ್ ಎಳೆಸ್ತೇನೆ."
ವಾಪಸ್ ಎಳೆಯುವುದು.
ಅವರಿಗೆ ಏನು ಹೇಳಲಿ.

ನೌಫಲನಿಗೆ ಸೆಟ್ಟಿಂಗು ಹೇಳಿಕೊಟ್ಟೆ,
ಜೊತೆಗೆ ಒಂದು ಪರೋಟ ಕೊಡಿಸಿದೆ.
ಟೋಪಿಗಳಿರುವ ಒಂದು ಪ್ರತಿಯನ್ನು ಮಾತ್ರ
ಅಳಿಸದೆ ಪಕ್ಕಕ್ಕಿಟ್ಟಿದ್ದೇನೆ.
ಕಡತದ ಹೆಸರು ಸಿಸಿಲಿಯಾ.
ಓಡುವುದಿಲ್ಲ. ತೆರೆದರೆ
ಒಂದೊಂದು ಸಾಲಿನ ಕೊನೆಗೂ
ನನಗೊಬ್ಬಳಿಗೆ ಟಿಂಗ್ ಕೇಳಿಸುತ್ತದೆ.